ರೋಗನಿರೋಧಕ ಶಕ್ತಿಯೇ ಕುಂದಿರುವಾಗ ಲೂಪಸ್‌ಗೆ ಔಷಧ ಕೊಡುವುದು ಹೇಗೆ?

ಪ್ರಶ್ನೆ: ನನ್ನ ತಂಗಿಗೆ 26 ವರ್ಷ, ತೂಕ 50 ಕೆಜಿ. ಎರಡು ವರ್ಷದ ಹಿಂದೆ ಲೂಪಸ್ (ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೆಯೇ ಎರಗುವ ಕಾಯಿಲೆ) ಎಂದು ಗೊತ್ತಾಯಿತು. ಬಿಸಿಲು ತಾಗಿದರೆ ಮೈಮೇಲೆ ಉಂಗುರದಂಥ ಕೆಂಪು ಮಚ್ಚೆ, ಕೀಲುನೋವು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಲೇ ಇತ್ತು. ಎರಡು ಸಲ ನ್ಯುಮೋನಿಯಾ, ಒಂದು ಸಲ ಮೆದುಳುಪೊರೆಯ ಸೋಂಕು ಬಂದಿದೆ. ಹುಟ್ಟಿನಿಂದಲೇ ರೋಗನಿರೋಧಕ ವ್ಯವಸ್ಥೆಯಲ್ಲಿ ಏನೋ ಕೊರತೆ ಇರಬಹುದೆಂದು ವೈದ್ಯರು ಈಗ ಹೇಳುತ್ತಿದ್ದಾರೆ. ಶಕ್ತಿಯೇ ಇಲ್ಲದವಳಿಗೆ ಶಕ್ತಿ ತಗ್ಗಿಸುವ ಮಾತ್ರೆ ಎಂದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗಲ್ಲವೇ? ಯಾವ ಔಷಧ ಸುರಕ್ಷಿತ?

ಉತ್ತರ: ಈ ಗೊಂದಲಕ್ಕೆ ಅರ್ಧ ಕಾರಣ ‘ರೋಗನಿರೋಧಕ ಶಕ್ತಿ’ ಎಂಬ ಮಾತೇ. ಅದು ಒಂದೇ ತೊಟ್ಟಿಯಲ್ಲಿ ತುಂಬಿಟ್ಟ ನೀರಲ್ಲ, ಹೆಚ್ಚು ಅಥವಾ ಕಡಿಮೆ ಎಂದು ಒಂದೇ ಗೆರೆಯಲ್ಲಿ ಅಳೆಯಲು. ಆಂಟಿಬಾಡಿ ತಯಾರಿಸುವ ಬಿ ಕೋಶಗಳು, ಅವಕ್ಕೆ ಕಡಿವಾಣ ಹಾಕುವ ಟಿ ಕೋಶಗಳು, ರಕ್ತದಲ್ಲಿ ಹರಿಯುವ ಕಾಂಪ್ಲಿಮೆಂಟ್ ಪ್ರೋಟೀನುಗಳು, ಸೂಕ್ಷ್ಮಾಣುಗಳನ್ನು ನುಂಗುವ ಕೋಶಗಳು ಬೇರೆ ಬೇರೆ ಕೆಲಸ ಮಾಡುತ್ತವೆ. ಒಂದು ಕೆಲಸ ನಿಂತಾಗ ಇನ್ನೊಂದು ಹದ ತಪ್ಪಿ ಹೆಚ್ಚುವುದು ಸಾಮಾನ್ಯ. ಹುಟ್ಟುಕೊರತೆ ಇರುವವರಲ್ಲಿ ಲೂಪಸ್ ಬರುವುದು ಬಹಳ ಸಲ ಆ ಕೊರತೆಯಿಂದಲೇ. ಹಾಗಾಗಿ ಯಾವ ಔಷಧ ಎಂಬ ಪ್ರಶ್ನೆಗೆ ಮುಂಚೆ ಯಾವ ಕೊರತೆ ಎಂಬುದು ಗೊತ್ತಾಗಬೇಕು. ಅದಕ್ಕೆ ಹೆಸರಿಡದೆ ಪ್ರಬಲ ಔಷಧಕ್ಕೆ ಕೈಹಾಕಬಾರದು. ಮೂತ್ರಪಿಂಡ ಅಥವಾ ಮೆದುಳು ಅಪಾಯದಲ್ಲಿದ್ದರೆ ಮಾತ್ರ ಕಾಯಲಾಗದು. ಆಗಲೂ ಮೊದಲ ಡೋಸಿಗೆ ಮುನ್ನ ರಕ್ತದ ಮಾದರಿ ತೆಗೆದಿಡಬಹುದು.

ನಿಮ್ಮ ತಂಗಿಯ ವಿವರ ಓದಿದಾಗ ಮೊದಲು ಅನುಮಾನ ಹೋಗುವುದು ಕಾಂಪ್ಲಿಮೆಂಟ್ ಕಡೆಗೆ. ದೇಹದಲ್ಲಿ ದಿನವೂ ಲೆಕ್ಕವಿಲ್ಲದಷ್ಟು ಕೋಶಗಳು ಸಾಯುತ್ತವೆ. ಅವುಗಳ ಚೂರುಗಳಿಗೆ ಸಿ1ಕ್ಯು ಎಂಬ ಪ್ರೋಟೀನ್ ಅಂಟಿಕೊಳ್ಳುತ್ತದೆ, ಅದರ ಹಿಂದೆ ಸಿ4, ಸಿ2 ಬರುತ್ತವೆ, ಗುರುತು ಬಿದ್ದ ಕಸವನ್ನು ನುಂಗುಕೋಶಗಳು ತೆಗೆದುಹಾಕುತ್ತವೆ. ಈ ಸರಪಳಿ ತುಂಡಾದರೆ ಕೋಶಕೇಂದ್ರದ ಡಿಎನ್‌ಎ, ಆರ್‌ಎನ್‌ಎ ಹೊರಗೇ ಉಳಿಯುತ್ತವೆ, ದೇಹ ಅವುಗಳ ವಿರುದ್ಧವೇ ಆಂಟಿಬಾಡಿ ಕಟ್ಟತೊಡಗುತ್ತದೆ. ಉರಿಯೂತ ಹೆಚ್ಚಿಸುವ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನ್ ಉಕ್ಕದಂತೆ ತಡೆಯುವುದೂ ಸಿ1ಕ್ಯು ಕೆಲಸವೇ. ಸಿ1ಕ್ಯು ಪೂರ್ತಿ ಇಲ್ಲದವರಲ್ಲಿ ಸುಮಾರು ನೂರಕ್ಕೆ 90 ಮಂದಿಗೆ ಲೂಪಸ್ ಅಥವಾ ಅದನ್ನೇ ಹೋಲುವ ಕಾಯಿಲೆ ಬರುತ್ತದೆ. ಸಿ4 ಪೂರ್ತಿ ಇಲ್ಲದವರಲ್ಲಿ ಸುಮಾರು 75, ಸಿ2 ಇಲ್ಲದವರಲ್ಲಿ 10ರಿಂದ 30. ನ್ಯುಮೊಕಾಕಸ್, ಮೆನಿಂಜೊಕಾಕಸ್‌ನಂಥ ಕವಚವಿರುವ ಬ್ಯಾಕ್ಟೀರಿಯಾಗಳನ್ನು ಹಿಡಿಯುವುದೂ ಇದೇ ಸರಪಳಿ. ಕಿವಿ ಸೋರುವುದು, ನ್ಯುಮೋನಿಯಾ, ಮೆದುಳುಪೊರೆಯ ಸೋಂಕು, ಜೊತೆಗೆ ಬಿಸಿಲಿಗೆ ಕೆರಳುವ ಉಂಗುರದ ಮಚ್ಚೆ: ಇವಿಷ್ಟೂ ಸಿ2 ಕೊರತೆಯ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತವೆ. ಆದರೆ ಪರೀಕ್ಷೆಯಾಗದೆ ಅದನ್ನೇ ಖಚಿತ ಎನ್ನಲಾಗದು.

ಪರೀಕ್ಷೆಗಳಲ್ಲಿ ಮೊದಲನೆಯದು ಸಿಎಚ್50. ಸರಪಳಿಯ ಎಲ್ಲ ಕೊಂಡಿಗಳೂ ಸೇರಿ ಕೆಲಸ ಮಾಡುತ್ತಿವೆಯೇ ಎಂದು ಇದು ನೋಡುತ್ತದೆ. ಇದನ್ನು ಸಿ3, ಸಿ4 ಮಟ್ಟಗಳೊಂದಿಗೆ ಇಟ್ಟೇ ಓದಬೇಕು. ಕೆರಳಿದ ಲೂಪಸ್‌ನಲ್ಲಿ ಕಾಂಪ್ಲಿಮೆಂಟ್ ಖರ್ಚಾಗುವುದರಿಂದ ಸಿ3, ಸಿ4 ಎರಡೂ ಇಳಿಯುತ್ತವೆ, ಸಿಎಚ್50 ಕೂಡ ಇಳಿಯುತ್ತದೆ, ಚಿಕಿತ್ಸೆಗೆ ಎಲ್ಲವೂ ಮೇಲೇರುತ್ತವೆ. ಸಿ3, ಸಿ4 ಸರಿಯಾಗಿದ್ದೂ ಸಿಎಚ್50 ಸೊನ್ನೆಯ ಹತ್ತಿರ ಇದ್ದರೆ ಸಿ1 ಅಥವಾ ಸಿ2 ಇಲ್ಲವೆಂದು ಶಂಕಿಸಬೇಕು. ಎಎಚ್50 ಎಂಬ ಜೊತೆಪರೀಕ್ಷೆಯೂ ಸೊನ್ನೆಯಾದರೆ ತೊಂದರೆ ಇರುವುದು ಸಿ3 ಅಥವಾ ಸಿ5ರಿಂದ ಮುಂದಿನ ಕೊಂಡಿಗಳಲ್ಲಿ. ಎಎಚ್50 ಸರಿಯಿದ್ದರೆ ಮೊದಲ ಕೊಂಡಿಗಳಲ್ಲಿ.

ಇಲ್ಲಿ ಎಡವುವವರು ಬಹಳ. ಕಾಂಪ್ಲಿಮೆಂಟ್ ಬೇಗ ಹಾಳಾಗುತ್ತದೆ. ಮಾದರಿ ಬೆಚ್ಚಗೆ ಕೆಲವು ಗಂಟೆ ಕುಳಿತರೆ ಆರೋಗ್ಯವಂತರದ್ದೂ ಸೊನ್ನೆ ಬರಬಹುದು. ರಕ್ತ ಹೆಪ್ಪುಗಟ್ಟಿದ ಕೂಡಲೇ ಸೀರಂ ಬೇರ್ಪಡಿಸಬೇಕು. ಅದೇ ಹೊತ್ತಿಗೆ ಪರೀಕ್ಷೆ ನಡೆಯದಿದ್ದರೆ ಮೈನಸ್ 70 ಡಿಗ್ರಿಯಲ್ಲಿ ಇಟ್ಟು, ಡ್ರೈ ಐಸ್‌ನಲ್ಲಿ ಸಾಗಿಸಬೇಕು. ಒಂದೇ ವರದಿ ಹಿಡಿದು ತೀರ್ಮಾನ ಬೇಡ, ಕಾಯಿಲೆ ತಣ್ಣಗಿರುವಾಗ ಇನ್ನೊಮ್ಮೆ ಮಾಡಿಸಿ. ಸಿ1ಕ್ಯು ಮಟ್ಟ ಕಡಿಮೆ ಬಂದರೂ ಹುಟ್ಟುಕೊರತೆ ಎನ್ನುವಂತಿಲ್ಲ. ಅದರ ವಿರುದ್ಧ ಆಂಟಿಬಾಡಿ ಹುಟ್ಟಿಯೂ ಕಡಿಮೆಯಾಗುತ್ತದೆ. ಕೊನೆಯ ಮಾತು ಜೀನ್ ಪರೀಕ್ಷೆಯದು. ಆದರೆ ಸಿ4 ಜೀನ್‌ಗಳು ಒಂದನ್ನೊಂದು ಬಹಳ ಹೋಲುತ್ತವೆ, ಪ್ರತಿಗಳ ಸಂಖ್ಯೆ ಒಬ್ಬರಿಂದೊಬ್ಬರಿಗೆ ಬೇರೆ. ಸಾಧಾರಣ ಜೀನ್ ಪ್ಯಾನೆಲ್ ಅದನ್ನು ಹಿಡಿಯದೆ ಬಿಡಬಹುದು, ಪ್ರತಿಗಳನ್ನು ಎಣಿಸುವ ಪರೀಕ್ಷೆಯನ್ನೇ ಕೇಳಬೇಕು.

ಎರಡನೆಯದು ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಆಂಟಿಬಾಡಿಗಳ ಮಟ್ಟ. ದೊಡ್ಡವರಲ್ಲಿ ಐಜಿಜಿ ಸಾಧಾರಣವಾಗಿ ಡೆಸಿಲೀಟರಿಗೆ 700ರಿಂದ 1600 ಮಿಲಿಗ್ರಾಂ. ಕಡಿಮೆ ಇದ್ದರೆ ಅದು ಹುಟ್ಟಿನಿಂದ ಬಂದದ್ದೋ, ಆಮೇಲೆ ಆದದ್ದೋ ಎಂಬುದು ಮುಂದಿನ ಪ್ರಶ್ನೆ. ಲೂಪಸ್ ಮೂತ್ರಪಿಂಡವನ್ನು ಹಿಡಿದು ಪ್ರೋಟೀನ್ ಸೋರುತ್ತಿದ್ದರೆ ಐಜಿಜಿಯೂ ಸೋರಿಹೋಗುತ್ತದೆ. ಐಜಿಎಂ ದೊಡ್ಡ ಅಣು, ಅದು ಉಳಿಯುತ್ತದೆ. ಆದ್ದರಿಂದ ಮೂತ್ರದ ಪ್ರೋಟೀನ್ ಮತ್ತು ರಕ್ತದ ಆಲ್ಬುಮಿನ್ ನೋಡದೆ ಐಜಿಜಿ ವರದಿಗೆ ಅರ್ಥವಿಲ್ಲ. ಸ್ಟೀರಾಯ್ಡ್, ಸೈಕ್ಲೊಫಾಸ್ಫಮೈಡ್, ಮೈಕೊಫಿನೊಲೇಟ್, ರಿಟುಕ್ಸಿಮ್ಯಾಬ್‌ನಂಥ ಲೂಪಸ್ ಔಷಧಗಳೂ ಮಟ್ಟ ತಗ್ಗಿಸುತ್ತವೆ. ಹಳೆಯ ವರದಿಗಳಲ್ಲಿ ಚಿಕಿತ್ಸೆಗೆ ಮುಂಚಿನ ‘ಒಟ್ಟು ಪ್ರೋಟೀನ್’ ಸಂಖ್ಯೆ ಸಿಕ್ಕರೆ ಅದರಿಂದ ಆಲ್ಬುಮಿನ್ ಕಳೆಯಿರಿ. ಉಳಿದದ್ದು ಗ್ಲೋಬ್ಯುಲಿನ್. ಲೂಪಸ್‌ನಲ್ಲಿ ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಮೊದಲಿನಿಂದಲೇ ಡೆಸಿಲೀಟರಿಗೆ 2 ಗ್ರಾಂ ಆಸುಪಾಸಿನಲ್ಲಿದ್ದರೆ ಆಂಟಿಬಾಡಿ ಕೊರತೆ ಹಳೆಯದು ಎಂಬ ಸುಳಿವು. ಲಸಿಕೆಗೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು ನೋಡಲು ನ್ಯುಮೊಕಾಕಸ್ ಲಸಿಕೆಗೆ ಮುಂಚೆ ಮತ್ತು 4ರಿಂದ 8 ವಾರದ ಬಳಿಕ ಆಂಟಿಬಾಡಿ ಅಳೆಯುತ್ತಾರೆ. ಐಜಿಎ ಮಾತ್ರ ಇಲ್ಲದವರು, ಅಂದರೆ ಡೆಸಿಲೀಟರಿಗೆ 7 ಮಿಲಿಗ್ರಾಂಗಿಂತ ಕಡಿಮೆ ಇರುವವರು, ಲೂಪಸ್ ರೋಗಿಗಳಲ್ಲಿ ಅಪರೂಪವೇನಲ್ಲ. ಹೆಚ್ಚಿನವರಿಗೆ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಇನ್ನು ಔಷಧ. ಹೈಡ್ರಾಕ್ಸಿಕ್ಲೋರೊಕ್ವಿನ್ ಯಾವ ಕೊರತೆ ಇದ್ದರೂ ಬುನಾದಿ. ಅದು ಸೋಂಕಿನ ಅಪಾಯ ಹೆಚ್ಚಿಸುವುದಿಲ್ಲ. ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ಮಿತಿ, ಅಂದರೆ 50 ಕೆಜಿಯವರಿಗೆ 250ರ ಒಳಗೆ. ಮಾತ್ರೆ 200ರದ್ದಾದರೆ ದಿನಕ್ಕೊಂದು, ಬೇಕಾದರೆ ವಾರದಲ್ಲಿ ಒಂದು ದಿನ ಎರಡು. ಎಲ್ಲರಿಗೂ 400 ಬರೆಯುವ ಹಳೆಯ ರೂಢಿ ತೂಕ ಕಡಿಮೆ ಇರುವವರ ಕಣ್ಣಿಗೆ ಅಪಾಯ. ಮೊದಲ ವರ್ಷದೊಳಗೆ ಒಮ್ಮೆ, 5 ವರ್ಷದ ಬಳಿಕ ಪ್ರತಿವರ್ಷ ರೆಟಿನಾ ಪರೀಕ್ಷೆ. ಮೂತ್ರಪಿಂಡ ಸೊರಗಿದ್ದರೆ ಡೋಸೂ ಕಡಿಮೆ, ಕಣ್ಣಿನ ಪರೀಕ್ಷೆಯೂ ಇನ್ನೂ ಬೇಗ.

ಇಂಥ ರೋಗಿಗಳಲ್ಲಿ ನಿಜವಾದ ಶತ್ರು ಸ್ಟೀರಾಯ್ಡ್ ಎಂದೇ ನನ್ನ ಅಭಿಪ್ರಾಯ. ಹೆಸರು ಕೇಳಿದರೆ ಹೆದರಿಸುವ ಹೊಸ ಇಂಜೆಕ್ಷನ್‌ಗಳಿಗಿಂತ, ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುವ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಹೆಚ್ಚು ಸೋಂಕು ತರುತ್ತದೆ. ಯೂರೋಪಿನ ಸಂಧಿವಾತ ತಜ್ಞರ ಸಂಘ ಯೂಲಾರ್‌ನ 2023ರ ಶಿಫಾರಸು, ನಿರ್ವಹಣೆಯ ಡೋಸು ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ ನಿಲ್ಲಿಸಲಿ ಎನ್ನುತ್ತದೆ. ಕಾಯಿಲೆ ತೀವ್ರವಾಗಿ ಕೆರಳಿದಾಗ 1ರಿಂದ 3 ದಿನ ಮೀಥೈಲ್‌ಪ್ರೆಡ್ನಿಸೊಲೋನ್ ರಕ್ತನಾಳಕ್ಕೆ ಕೊಟ್ಟು, ಮಾತ್ರೆಯ ಡೋಸನ್ನು ಬೇಗ ಇಳಿಸುವುದು ಉತ್ತಮ ದಾರಿ. ಇಳಿಸಲು ಆಗುತ್ತಿಲ್ಲವೆಂದರೆ ಇನ್ನೊಂದು ಔಷಧ ಸೇರಿಸುವ ಹೊತ್ತು ಬಂದಿದೆ ಎಂದರ್ಥ. ಆ ‘ಇನ್ನೊಂದು’ ಯಾವುದು ಎನ್ನುವಲ್ಲಿ ಕೊರತೆಯ ಹೆಸರು ಕೆಲಸಕ್ಕೆ ಬರುತ್ತದೆ.

ಕಾಂಪ್ಲಿಮೆಂಟ್ ಕೊರತೆ ಇದ್ದರೆ ಬಿ ಮತ್ತು ಟಿ ಕೋಶಗಳು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಹಾಗಾಗಿ ಮೈಕೊಫಿನೊಲೇಟ್, ಅಜಥಯೊಪ್ರಿನ್ ಮುಂತಾದ ರೂಢಿಯ ಔಷಧಗಳನ್ನೇ, ಲಸಿಕೆಗಳ ರಕ್ಷಣೆಯೊಂದಿಗೆ ಬಳಸಬಹುದು. ಅಜಥಯೊಪ್ರಿನ್‌ಗೆ ಮುಂಚೆ ಅದನ್ನು ದೇಹ ನಿಭಾಯಿಸಲು ಬೇಕಾದ ಟಿಪಿಎಂಟಿ ಜೀನ್ ಜೊತೆ ಎನ್‌ಯುಡಿಟಿ15 ಜೀನನ್ನೂ ನೋಡಿಸಿ. ಏಷ್ಯಾ ಮೂಲದವರಲ್ಲಿ ಎರಡನೆಯದರ ದೋಷವೇ ಹೆಚ್ಚು. ಅದಿದ್ದರೆ ಸಾಧಾರಣ ಡೋಸಿಗೇ ಬಿಳಿರಕ್ತಕಣ ಕುಸಿಯುತ್ತದೆ. ಸಿ2 ಕೊರತೆಯ ಲೂಪಸ್ ಬಹುಪಾಲು ಚರ್ಮ ಮತ್ತು ಕೀಲಿನದು, ಬಿಸಿಲಿನಿಂದ ಮೈ ಮುಚ್ಚಿಕೊಳ್ಳುವುದು ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್‌ನಿಂದಲೇ ಎಷ್ಟೋ ಮಂದಿ ಹತೋಟಿಗೆ ಬರುತ್ತಾರೆ.

ಸಿ1ಕ್ಯು ಕೊರತೆಯದು ಬೇರೆಯೇ ಕಥೆ. ಬಾಲ್ಯದಲ್ಲೇ ಶುರುವಾಗುತ್ತದೆ, ಗಂಡು ಹೆಣ್ಣು ಭೇದವಿಲ್ಲ, ಚರ್ಮ ಬಾಯಿ ಮೆದುಳು ಎಲ್ಲಕ್ಕೂ ಕೈಹಾಕುತ್ತದೆ, ರೂಢಿಯ ಔಷಧಗಳಿಗೆ ಬಗ್ಗದೆಯೂ ಇರಬಹುದು. ಇಲ್ಲದ್ದನ್ನು ಹೊರಗಿನಿಂದ ತುಂಬಲು ತಾಜಾ ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ಕೆಜಿಗೆ 10ರಿಂದ 15 ಮಿಲಿಯಂತೆ ಮತ್ತೆ ಮತ್ತೆ ಕೊಡುತ್ತಾರೆ. ಸಿ1ಕ್ಯು ರಕ್ತದಲ್ಲಿ ಹೆಚ್ಚು ದಿನ ಉಳಿಯದ ಕಾರಣ ಅಂತರ ಹೆಚ್ಚಿಸಿದರೆ ಕಾಯಿಲೆ ಮರಳುತ್ತದೆ. ಅಲರ್ಜಿ, ದ್ರವದ ಹೊರೆ, ಕಾಲಕ್ರಮದಲ್ಲಿ ಆ ಪ್ರೋಟೀನಿನ ವಿರುದ್ಧವೇ ಆಂಟಿಬಾಡಿ, ಇವು ತೊಡಕುಗಳು. ಸಿ1ಕ್ಯುವನ್ನು ತಯಾರಿಸುವುದು ಮೂಳೆಮಜ್ಜೆಯಿಂದ ಬರುವ ನುಂಗುಕೋಶಗಳು. ಆದ್ದರಿಂದ ಹೊಂದುವ ದಾನಿಯ ಆಕರಕೋಶ ಕಸಿ ಕೊರತೆಯನ್ನೇ ನೀಗಬಲ್ಲದು, ನೀಗಿದ ಉದಾಹರಣೆಗಳೂ ಇವೆ. ಕಸಿಯ ಜೀವಾಪಾಯ ಸಣ್ಣದಲ್ಲ, ಬೇರೆಲ್ಲ ಸೋತಾಗಿನ ಮಾತು ಅದು. ಸಿ2, ಸಿ4 ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲಿ. ಅಲ್ಲಿ ಮಜ್ಜೆಯ ಕಸಿಯಿಂದ ಪ್ರಯೋಜನವಿಲ್ಲ. ಎಲ್ಲ ಕೊರತೆಗೂ ಕಸಿಯೇ ಮದ್ದು ಎಂದು ಓದಿ ಆಸೆಪಡುವವರು ಈ ವ್ಯತ್ಯಾಸ ಗಮನಿಸಬೇಕು. ಇಂಟರ್‌ಫೆರಾನ್ ಗ್ರಾಹಕವನ್ನು ತಡೆಯುವ ಅನಿಫ್ರೊಲುಮ್ಯಾಬ್ (4 ವಾರಕ್ಕೊಮ್ಮೆ 300 ಮಿಲಿಗ್ರಾಂ) ಸಿ1ಕ್ಯು ಕೊರತೆಯಲ್ಲಿ ತರ್ಕಕ್ಕೆ ಒಪ್ಪುವ ಆಯ್ಕೆ. ಅದರಿಂದ ಸರ್ಪಸುತ್ತು ಹೆಚ್ಚುವುದರಿಂದ ಅದರ ನಿರ್ಜೀವ ಲಸಿಕೆಯನ್ನು 1ರಿಂದ 2 ತಿಂಗಳ ಅಂತರದಲ್ಲಿ ಎರಡು ಡೋಸ್ ಮೊದಲೇ ಕೊಡಬೇಕು.

ಆಂಟಿಬಾಡಿ ಕೊರತೆ ಇದ್ದರೆ ಕ್ರಮ ತಿರುಗುತ್ತದೆ: ಮೊದಲು ಐಜಿಜಿ ತುಂಬುವುದು, ಆಮೇಲೆ ಬಿ ಕೋಶಕ್ಕೆ ಕೈಹಾಕುವುದು. ರಕ್ತನಾಳದ ಮೂಲಕ ಕೆಜಿಗೆ 400ರಿಂದ 600 ಮಿಲಿಗ್ರಾಂ, 3ರಿಂದ 4 ವಾರಕ್ಕೊಮ್ಮೆ. 50 ಕೆಜಿಗೆ 20ರಿಂದ 30 ಗ್ರಾಂ. ಮುಂದಿನ ಡೋಸಿನ ದಿನ, ಹನಿ ಹಾಕುವ ಮುನ್ನ ಐಜಿಜಿ ಅಳೆದು, 700ರಿಂದ 800ರ ಮೇಲೆ ಉಳಿಯುವಂತೆ ಡೋಸ್ ಸರಿಪಡಿಸುತ್ತಾರೆ. ಸೋಂಕು ನಿಲ್ಲದಿದ್ದರೆ ಇನ್ನೂ ಮೇಲೆ. ಇದನ್ನು ಕೆಜಿಗೆ 2 ಗ್ರಾಂನ ದೊಡ್ಡ ಡೋಸಿನೊಂದಿಗೆ ಬೆರೆಸಿಕೊಳ್ಳಬೇಡಿ. ಅದು ಪ್ಲೇಟ್‌ಲೆಟ್ ಕುಸಿದಾಗಿನಂಥ ಸಂದರ್ಭಕ್ಕೆ, ಉದ್ದೇಶವೇ ಬೇರೆ. ಲೂಪಸ್ ಜೊತೆ ಆಂಟಿಫಾಸ್ಫೊಲಿಪಿಡ್ ಆಂಟಿಬಾಡಿ ಇದ್ದರೆ ರಕ್ತ ಹೆಪ್ಪುಗಟ್ಟುವ ಭಯವಿದೆ. ಹಾಗಾಗಿ ಸಾಕಷ್ಟು ನೀರು ಕುಡಿಸಿ, ಶೇ 10ರ ದ್ರಾವಣವನ್ನು ಮೊದಲ ಅರ್ಧ ಗಂಟೆ ಗಂಟೆಗೆ ಕೆಜಿಗೆ 0.5 ಮಿಲಿ ವೇಗದಲ್ಲೇ ಬಿಡಬೇಕು. ಮೂತ್ರಪಿಂಡ ಸೊರಗಿದ್ದರೆ ಸಕ್ಕರೆ ಬೆರೆಸಿದ ತಯಾರಿಕೆ ಬೇಡ. ಚರ್ಮದಡಿಗೆ ವಾರಕ್ಕೊಮ್ಮೆ ಕೆಜಿಗೆ 100ರಿಂದ 150 ಮಿಲಿಗ್ರಾಂ ಕೊಡುವ ಕ್ರಮದಲ್ಲಿ ಮಟ್ಟ ಏಕಾಏಕಿ ಏರುವುದಿಲ್ಲ, ಇಂಥವರಿಗೆ ನಾನು ಅದನ್ನೇ ಮೇಲೆಂದು ಎಣಿಸುತ್ತೇನೆ.

ಒಂದು ಎಚ್ಚರಿಕೆಯನ್ನು ಬಹುತೇಕರು ಮರೆಯುತ್ತಾರೆ. ಇಮ್ಯುನೊಗ್ಲೋಬ್ಯುಲಿನ್ ಶುರುಮಾಡುವ ಮೊದಲೇ ಹೆಪಟೈಟಿಸ್ ಬಿ ಪರೀಕ್ಷೆ ಮುಗಿದಿರಬೇಕು. ದಾನಿಗಳ ಆಂಟಿಬಾಡಿ ಬಂದು ಸೇರಿದ ಮೇಲೆ ಹಳೆಯ ಹೆಪಟೈಟಿಸ್ ಬಿ ಸೋಂಕನ್ನು ತೋರಿಸುವ ಕೋರ್ ಆಂಟಿಬಾಡಿ ಪರೀಕ್ಷೆ ಸುಳ್ಳು ಪಾಸಿಟಿವ್ ಬರಬಹುದು. ರಿಟುಕ್ಸಿಮ್ಯಾಬ್ ಕೊಡುವಾಗ ಅದೇ ಪರೀಕ್ಷೆ ನಿರ್ಣಾಯಕ. ತಡವಾಗಿದ್ದರೆ ವೈರಸ್‌ನ ಡಿಎನ್‌ಎ ಪರೀಕ್ಷೆಯೇ ಗತಿ.

ಐಜಿಜಿ ಮೊದಲೇ 400ರ ಕೆಳಗಿದ್ದರೆ, ಬಿ ಕೋಶಗಳನ್ನು ತಗ್ಗಿಸುವ ಬೆಲಿಮುಮ್ಯಾಬ್ ಬಗ್ಗೆ ಎಚ್ಚರ ಬೇಕು. ಇಂಥವರನ್ನು ಅದರ ಮುಖ್ಯ ಪ್ರಯೋಗಗಳಲ್ಲಿ ಸೇರಿಸಿಕೊಂಡಿರಲಿಲ್ಲ. ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ಆರು ತಿಂಗಳು ಅಥವಾ ಹೆಚ್ಚು ಕಾಲ ಅಳಿಸಿಹಾಕುತ್ತದೆ. ಹುಟ್ಟುಕೊರತೆಯವರಲ್ಲಿ ಅವು ಮರಳುವುದು ಇನ್ನೂ ತಡವಾಗಬಹುದು. ಆದರೂ ಪ್ಲೇಟ್‌ಲೆಟ್ ಅಥವಾ ಕೆಂಪುಕಣ ನಾಶವಾಗುತ್ತಿರುವಾಗ ಅದು ಉಪಯುಕ್ತ. ಐಜಿಜಿ ತುಂಬುತ್ತಲೇ ಕೊಡಬಹುದು, ಏಕೆಂದರೆ ಅದು ಕಸಿದುಕೊಳ್ಳುವುದನ್ನು ನಾವು ಹೊರಗಿನಿಂದ ಕೊಡುತ್ತಿದ್ದೇವೆ. ಮೂತ್ರಪಿಂಡಕ್ಕಾದರೆ ಟ್ಯಾಕ್ರೊಲಿಮಸ್ ಅಥವಾ ವೊಕ್ಲೊಸ್ಪೊರಿನ್ ಜೊತೆ ಮೈಕೊಫಿನೊಲೇಟ್ ಕಡಿಮೆ ಡೋಸಿನಲ್ಲಿ ಇಡುವುದು ಯೋಚಿಸತಕ್ಕ ದಾರಿ. ಇವೆರಡೂ ಮುಖ್ಯವಾಗಿ ಟಿ ಕೋಶವನ್ನು ತಡೆಯುತ್ತವೆ, ಐಜಿಜಿಯನ್ನು ಅಷ್ಟಾಗಿ ಇಳಿಸುವುದಿಲ್ಲ. ಅವುಗಳ ಜೊತೆ ಶಿಲೀಂಧ್ರದ ಮಾತ್ರೆ (ಇಟ್ರಕೊನಜೋಲ್, ವೊರಿಕೊನಜೋಲ್) ಅಥವಾ ಕ್ಲಾರಿಥ್ರೊಮೈಸಿನ್ ಸೇರಿದರೆ ರಕ್ತದಲ್ಲಿ ಔಷಧದ ಮಟ್ಟ ಹಲವು ಪಟ್ಟು ಏರಿ ಮೂತ್ರಪಿಂಡಕ್ಕೇ ಪೆಟ್ಟು. ಶ್ವಾಸಕೋಶ ಕಾಪಾಡಲು ಕೊಡುವ ಅಜಿಥ್ರೊಮೈಸಿನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಎರಡೂ ಇಸಿಜಿಯಲ್ಲಿ ಕಾಣುವ ಹೃದಯದ ಕ್ಯುಟಿ ಅಂತರವನ್ನು ಹಿಗ್ಗಿಸುತ್ತವೆ, ಹೆಚ್ಚಾದರೆ ಬಡಿತ ಹದಗೆಡುತ್ತದೆ. ಜೊತೆಯಾಗಿಸುವ ಮುನ್ನ ಒಂದು ಇಸಿಜಿ ಸಾಕು, ಆದರೆ ಆ ಒಂದನ್ನು ತಪ್ಪಿಸಬೇಡಿ.

ಉಳಿದ ಕೊರತೆಗಳು ವಿರಳ, ಚುಟುಕಾಗಿ ಹೇಳುತ್ತೇನೆ. ಸಿಟಿಎಲ್‌ಎ4 ಅಥವಾ ಎಲ್‌ಆರ್‌ಬಿಎ ಜೀನ್ ದೋಷದಲ್ಲಿ ಟಿ ಕೋಶಗಳಿಗೆ ಕಡಿವಾಣವೇ ಇಲ್ಲದ್ದರಿಂದ ಅದನ್ನೇ ಹೋಲುವ ಅಬಾಟಾಸೆಪ್ಟ್ ನೇರ ಮದ್ದು. ಟ್ರೆಕ್ಸ್1 ಜೀನಿನಂಥ, ಇಂಟರ್‌ಫೆರಾನ್ ಉಕ್ಕುವ ದೋಷಗಳಲ್ಲಿ ಅದರ ಸಂಕೇತವನ್ನು ತಡೆಯುವ ಜೆಎಕೆ ತಡೆ ಔಷಧಗಳು. ನುಂಗುಕೋಶಗಳು ಸೂಕ್ಷ್ಮಾಣುಗಳನ್ನು ಕೊಲ್ಲಲಾಗದ ಕ್ರಾನಿಕ್ ಗ್ರಾನ್ಯುಲೊಮಾಟಸ್ ಕಾಯಿಲೆಯ ಎಕ್ಸ್ ಕ್ರೋಮೋಸೋಮ್ ಬಗೆಯಲ್ಲಿ, ಮಗನಿಗೆ ಕಾಯಿಲೆ ಇದ್ದರೆ ವಾಹಕಳಾದ ತಾಯಿಗೆ ಲೂಪಸ್‌ನಂಥದೇ ಚರ್ಮದ ಮಚ್ಚೆ ಬರಬಹುದು, ಎಎನ್‌ಎ (ಲೂಪಸ್ ಶಂಕೆಗೆ ಮೊದಲು ಮಾಡುವ ಆಂಟಿಬಾಡಿ ಪರೀಕ್ಷೆ) ಹೆಚ್ಚಾಗಿ ನೆಗೆಟಿವ್. ಹೈಡ್ರಾಕ್ಸಿಕ್ಲೋರೊಕ್ವಿನ್ ಸಾಕಾಗಬಹುದು. ನುಂಗುಕೋಶಗಳ ಕೊಲ್ಲುವ ಶಕ್ತಿಯನ್ನು ನೋಡುವ ಡಿಎಚ್‌ಆರ್ ಪರೀಕ್ಷೆಯಲ್ಲಿ ಸರಿಯಾದ ಕೋಶಗಳು ಶೇ 10ರಿಂದ 20ಕ್ಕಿಂತ ಕಡಿಮೆಯಾದರೆ ಸೋಂಕಿನ ಅಪಾಯ ಶುರು. ವೊರಿಕೊನಜೋಲ್ ತಾನೇ ಬಿಸಿಲಿಗೆ ಮೈ ಸುಡಿಸುತ್ತದೆ. ಅದನ್ನು ಲೂಪಸ್ ಕೆರಳಿತೆಂದು ತಿಳಿದು ಸ್ಟೀರಾಯ್ಡ್ ಏರಿಸುವುದು ಎರಡು ಪಟ್ಟು ತಪ್ಪು.

ಲಸಿಕೆ ನಿಮ್ಮ ತಂಗಿಗೆ ಔಷಧದಷ್ಟೇ ಮುಖ್ಯ. ನ್ಯುಮೊಕಾಕಸ್‌ಗೆ 20 ಬಗೆಗಳ ಕಾಂಜುಗೇಟ್ ಲಸಿಕೆ ಒಂದು ಡೋಸ್, ಅದಿಲ್ಲವಾದರೆ 13 ಅಥವಾ 15 ಬಗೆಗಳದ್ದು ಹಾಕಿ 8 ವಾರದ ಬಳಿಕ 23 ಬಗೆಗಳದ್ದು. ಮೆನಿಂಜೊಕಾಕಸ್‌ನ ಎಸಿಡಬ್ಲ್ಯುವೈ ಲಸಿಕೆ 8 ವಾರದ ಅಂತರದಲ್ಲಿ ಎರಡು, ಪ್ರತಿ 5 ವರ್ಷಕ್ಕೆ ಮತ್ತೊಂದು, ಜೊತೆಗೆ ಬಿ ಗುಂಪಿನದು ಪ್ರತ್ಯೇಕ. ಪ್ರತಿವರ್ಷ ಫ್ಲೂ. ರಿಟುಕ್ಸಿಮ್ಯಾಬ್ ಯೋಜನೆ ಇದ್ದರೆ ಕನಿಷ್ಠ 2ರಿಂದ 4 ವಾರ ಮುಂಚೆ ಮುಗಿಸಿ, ಆಮೇಲೆ ಹಾಕಿದರೆ ಆರು ತಿಂಗಳು ವ್ಯರ್ಥ. ಕಾಂಪ್ಲಿಮೆಂಟ್ ಕೊರತೆಯೊಂದೇ ಆದರೆ ಜೀವಂತ ಲಸಿಕೆಗೆ ಅಡ್ಡಿಯಿಲ್ಲ, ಅಡ್ಡಿ ಲೂಪಸ್ ಔಷಧಗಳದು. ಆಂಟಿಬಾಡಿ ಕೊರತೆ ಇರುವವರಿಗೂ ಅವರ ಮನೆಯ ಮಕ್ಕಳಿಗೂ ಬಾಯಿಯ ಪೋಲಿಯೊ ಹನಿ ಬೇಡ, ಇಂಜೆಕ್ಷನ್ ರೂಪದ್ದು ಹಾಕಿಸಿ.

ಪ್ರೆಡ್ನಿಸೊಲೋನ್ 20 ಮಿಲಿಗ್ರಾಂ ಅಥವಾ ಹೆಚ್ಚು, ಒಂದು ತಿಂಗಳಿಗೂ ಮೀರಿ, ಮತ್ತೊಂದು ಔಷಧದೊಂದಿಗೆ ನಡೆಯುವುದಾದರೆ ನ್ಯುಮೊಸಿಸ್ಟಿಸ್ ನ್ಯುಮೋನಿಯಾ ತಡೆಯುವ ಮಾತ್ರೆ ಬೇಕು. ರೂಢಿಯದು ಕೋಟ್ರೈಮೊಕ್ಸಜೋಲ್. ಆದರೆ ಲೂಪಸ್ ರೋಗಿಗಳಲ್ಲಿ ಸಲ್ಫಾ ಔಷಧಗಳು ದದ್ದು ತರುವುದು, ಕಾಯಿಲೆ ಕೆರಳಿಸುವುದು ಹೆಚ್ಚು. ಲೂಪಸ್‌ನಲ್ಲಿ ಕಾಣುವ ಆಂಟಿ-ರೋ (Ro) ಎಂಬ ಆಂಟಿಬಾಡಿ ಇರುವವರಲ್ಲಿ ಇನ್ನೂ ಹೆಚ್ಚು. ಸಿ2 ಕೊರತೆಯ ಲೂಪಸ್‌ನಲ್ಲಿ ಆ ಆಂಟಿಬಾಡಿ ಸಾಮಾನ್ಯ. ಹಾಗಾಗಿ ದಿನಕ್ಕೆ 1500 ಮಿಲಿಗ್ರಾಂ ಅಟೊವಕ್ವೋನ್ ಅಥವಾ ತಿಂಗಳಿಗೊಮ್ಮೆ 300 ಮಿಲಿಗ್ರಾಂ ಪೆಂಟಮಿಡೀನ್ ಉಸಿರಿನ ಮೂಲಕ. ಡ್ಯಾಪ್ಸೋನ್ ಆದರೆ, ಕೆಂಪುಕಣ ಒಡೆಯುವ ಅಪಾಯವಿದೆಯೇ ಎಂದು ತಿಳಿಸುವ ಜಿ6ಪಿಡಿ ಪರೀಕ್ಷೆಯ ನಂತರವೇ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಲೂಪಸ್‌ನದೇ ಇರಬಹುದು ಎಂದು ಮನೆಯಲ್ಲಿ ಕಾಯಬೇಡಿ. ಲೂಪಸ್ ಕೆರಳಿದಾಗ ರಕ್ತದಲ್ಲಿ ಉರಿಯೂತ ಅಳೆಯುವ ಸಿಆರ್‌ಪಿ ಸಾಮಾನ್ಯವಾಗಿ ಅಷ್ಟಾಗಿ ಏರುವುದಿಲ್ಲ (ಕೀಲು, ಶ್ವಾಸಕೋಶದ ಪೊರೆ ಊದಿಕೊಂಡಾಗ ಬಿಟ್ಟು). ಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಸೋಂಕೆಂದೇ ಹಿಡಿಯಬೇಕು. ಮೊದಲು ರಕ್ತದ ಕಲ್ಚರ್, ಒಂದು ಗಂಟೆಯೊಳಗೆ ಸೆಫ್ಟ್ರಯಾಕ್ಸೋನ್‌ನಂಥ ಆಂಟಿಬಯೊಟಿಕ್ ರಕ್ತನಾಳಕ್ಕೆ. ಮೈಕೊಫಿನೊಲೇಟ್, ಅಜಥಯೊಪ್ರಿನ್ ತಾತ್ಕಾಲಿಕವಾಗಿ ನಿಲ್ಲಿಸಬಹುದು. ಹೈಡ್ರಾಕ್ಸಿಕ್ಲೋರೊಕ್ವಿನ್ ಮುಂದುವರಿಯಲಿ. ಸ್ಟೀರಾಯ್ಡ್ ಮಾತ್ರ ಹಠಾತ್ತನೆ ಬಿಡಬಾರದು, ರಕ್ತದೊತ್ತಡ ಕುಸಿಯುತ್ತದೆ. ಬದಲಿಗೆ ಆ ದಿನಗಳ ಮಟ್ಟಿಗೆ ಏರಿಸಬೇಕಾಗಬಹುದು. ಆಂಟಿಬಾಡಿ ಕೊರತೆ ಇರುವವರಲ್ಲಿ ಆಂಟಿಬಾಡಿ ನೋಡಿ ಸೋಂಕು ಗುರುತಿಸುವ ಪರೀಕ್ಷೆಗಳು ನಂಬಿಕೆಗೆ ಅರ್ಹವಲ್ಲ, ಪಿಸಿಆರ್ ಅಥವಾ ಆಂಟಿಜೆನ್ ಕೇಳಿ.

ಕಾಯಿಲೆಯ ಏರಿಳಿತ ಅಳೆಯುವ ಮಾಪಕಗಳೂ ಇವರಲ್ಲಿ ಮೋಸ ಮಾಡುತ್ತವೆ. ಸಿ4 ಹುಟ್ಟಿನಿಂದಲೇ ಇಲ್ಲದವರ ಕಡಿಮೆ ಸಿ4 ನೋಡಿ ಸ್ಟೀರಾಯ್ಡ್ ಏರಿಸುತ್ತಾ ಹೋದರೆ ಕೊನೆಯೇ ಇಲ್ಲ. ಸಿ2 ಕೊರತೆಯಲ್ಲಿ ಕಾಯಿಲೆ ಕೆರಳಿದ್ದರೂ ಸಿ3, ಸಿ4 ಸರಿಯಾಗೇ ಇರಬಹುದು, ಎಎನ್‌ಎ ಮಂದ ಅಥವಾ ನೆಗೆಟಿವ್, ಡಿಎನ್‌ಎ ಆಂಟಿಬಾಡಿ ಇಲ್ಲದಿರಬಹುದು. 2019ರ ವರ್ಗೀಕರಣ ಸೂತ್ರ ಎಎನ್‌ಎ ಪಾಸಿಟಿವ್ ಇರಲೇಬೇಕು ಎನ್ನುತ್ತದೆ. ಅದು ಸಂಶೋಧನೆಗೆ ಮಾಡಿದ ಸೂತ್ರ, ಎದುರಿಗೆ ಕುಳಿತ ರೋಗಿಗೆ ಲೂಪಸ್ ಇಲ್ಲವೆನ್ನಲು ಅಲ್ಲ. ನಂಬಬೇಕಾದದ್ದು ಚರ್ಮ, ಕೀಲು, ರಕ್ತಕಣಗಳ ಎಣಿಕೆ ಮತ್ತು 3 ತಿಂಗಳಿಗೊಮ್ಮೆ ಮೂತ್ರದ ಪ್ರೋಟೀನ್-ಕ್ರಿಯೇಟಿನಿನ್ ಅನುಪಾತ. ಗ್ರಾಂಗೆ 500 ಮಿಲಿಗ್ರಾಂ ದಾಟಿ ಅಲ್ಲೇ ನಿಂತರೆ ಮೂತ್ರಪಿಂಡದ ಬಯಾಪ್ಸಿ ಮುಂದೂಡಬೇಡಿ.

ಇನ್ನು ನಿಮ್ಮ ಬಗ್ಗೆ ಒಂದು ಮಾತು. ಕಾಂಪ್ಲಿಮೆಂಟ್‌ನ ಈ ಮೊದಲ ಕೊಂಡಿಗಳ ಕೊರತೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬರುವಂಥದು. ತಂಗಿಯಲ್ಲಿ ಅದು ಖಚಿತವಾದರೆ ಒಡಹುಟ್ಟಿದ ನಿಮಗೂ ನಾಲ್ಕರಲ್ಲಿ ಒಂದು ಸಾಧ್ಯತೆ ಇದೆ, ಲೂಪಸ್ ಇಲ್ಲದಿದ್ದರೂ ಮೆನಿಂಜೊಕಾಕಸ್, ನ್ಯುಮೊಕಾಕಸ್ ಭಯ ಇದ್ದೇ ಇದೆ. ಅವಳ ಸಿಎಚ್50 ಎರಡನೇ ಸಲ ಕಳಿಸುವ ದಿನ ನಿಮ್ಮ ರಕ್ತವನ್ನೂ ಕೊಡಿ. ಅದೇ ಪೆಟ್ಟಿಗೆಯಲ್ಲಿ ಹೋದ ನಿಮ್ಮ ಮಾದರಿ ಸರಿಯಾಗಿ ಬಂದು ಅವಳದು ಸೊನ್ನೆ ಬಂದರೆ, ಸಾಗಣೆಯಲ್ಲಿ ಮಾದರಿ ಕೆಟ್ಟಿತೇ ಎಂಬ ಅನುಮಾನಕ್ಕೂ ಉತ್ತರ ಸಿಕ್ಕಿದಂತೆ.